ಜಬಲ್ ಮೇಲಿನ ಬಾಯ್ಲರ್ ಕೋಣೆ

೧೯೮೮ ನವೆಂಬರ್ ೧೮, ಶುಕ್ರವಾರ

ಮದುವೆಯಾಗಿ ಒಮಾನಿಗೆ ಹೊರಟಾಗ ಕಟಪಾಡಿಯ ಅಕ್ಕ ಹೇಳಿದ್ದಳು, "ಹತ್ತಿ ಸೀರೆ ಮಾತ್ರ ಕೊಂಡುಹೋಗು ದಮಯಂತಿ, ಅಲ್ಲಿ ಬೆಂಕಿ ಸುರಿಯುತ್ತದಂತೆ." ಕೆಳಗೆ, ಸಮುದ್ರದ ಬದಿಯ ಅಲ್ ಮವಾಲೇಹ್‌ನಲ್ಲಿ ಇದ್ದಷ್ಟು ವರ್ಷ ಅವಳ ಮಾತೇ ನಿಜವಾಗಿತ್ತು. ಈಗ ಇಲ್ಲಿ, ಜಬಲ್ ಅಖ್ದರ್ ಬೆಟ್ಟದ ತುದಿಯಲ್ಲಿ, ಒಂದರ ಮೇಲೊಂದು ಎರಡು ಸೀರೆ ಉಟ್ಟು, ಮೇಲೆ ಇವರ ಕಂಪೆನಿ ಜಾಕೆಟ್ ತೊಟ್ಟು ಬರೆಯುತ್ತಿದ್ದೇನೆ. ಬೆರಳು ಮಡಚುವುದಿಲ್ಲ. ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಇತ್ತು. ಮುಟ್ಟಿದ ಮೇಲೆಯೇ ಅದು ಮಂಜುಗಡ್ಡೆ ಎಂದು ತಿಳಿದದ್ದು.

ಮಾತಾಡಲು ಜನವಿಲ್ಲದ್ದಕ್ಕೆ ಬರೆಯುತ್ತಿದ್ದೇನೆ. ಮನೆಯಲ್ಲಿ ಇವರಿದ್ದಾರೆ. ಆದರೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ಬೆಟ್ಟಕ್ಕೆ ಬರುವ ಮೊದಲು, ಕೆಳಗೆ ಬೌಷರ್‌ನಲ್ಲಿ ಒಂದು ಕಟ್ಟಡದ ತಾರಸಿಯಲ್ಲಿ ಇವರೂ ತುಕ್ರನೂ ಎ.ಸಿ. ರಿಪೇರಿ ಮಾಡುತ್ತಿದ್ದರು. ತುಕ್ರ ಇವರ ಊರಿನವನೇ, ಇವರೇ ವೀಸಾ ಮಾಡಿಸಿ ಕರೆಸಿದ್ದು. ಮೈನ್ ಸ್ವಿಚ್ ಆರಿಸಿ ಕೆಲಸಕ್ಕೆ ಕೂತಿದ್ದರು. ಇವರು ಗ್ಯಾಸ್ ಸಿಲಿಂಡರ್ ತರಲು ಕೆಳಗಿನ ವ್ಯಾನಿಗೆ ಹೋದರು. ಆ ಹೊತ್ತಿನಲ್ಲಿ ಯಾರೋ ಕರೆಂಟು ಹೋಯಿತೆಂದುಕೊಂಡು ಕೆಳಗಿನ ಸ್ವಿಚ್ಚನ್ನು ಮೇಲಕ್ಕೆತ್ತಿದರು. ಇವರು ಮೇಲೆ ಬರುವಷ್ಟರಲ್ಲಿ ತುಕ್ರ ಮುಗಿದುಹೋಗಿದ್ದ.

ಅಂದಿನಿಂದ ಇವರು ಮನೆಯ ದೀಪದ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ನಾನೇ ಹಾಕಬೇಕು, ನಾನೇ ಆರಿಸಬೇಕು.

ಕಂಪೆನಿಯ ಸೂಪರ್‌ವೈಸರ್ ಫ್ರೆಡ್ಡಿ ಮಂಗಳೂರಿನವರು, ಒಳ್ಳೆಯ ಮನುಷ್ಯ. "ಪ್ರೇಮನಾಥನನ್ನು ಜಬಲಿಗೆ ಹಾಕುವ ಅಕ್ಕಾ. ಅಲ್ಲಿ ಸಣ್ಣ ಆಸ್ಪತ್ರೆ, ನಾಲ್ಕು ಕ್ವಾರ್ಟರ್ಸ್, ಒಂದು ಬಾಯ್ಲರ್. ನೀರು ಬಿಸಿ ಮಾಡಿ ಪೈಪಲ್ಲಿ ಮನೆಮನೆಗೆ ಬಿಡುದು ಅಷ್ಟೆ. ಹಗುರ ಕೆಲಸ. ಚಳಿಗಾಲ ಕಳೀಲಿ, ಮತ್ತೆ ಕೆಳಗೆ ಕರೆಸ್ತೇನೆ" ಎಂದರು. ಇಲ್ಲಿಯೂ ಆಗದಿದ್ದರೆ ವೀಸಾ ಕ್ಯಾನ್ಸಲ್ ಎಂದು ಅವರು ಹೇಳಲಿಲ್ಲ. ಹೇಳದಿದ್ದರೂ ಗೊತ್ತಾಗುತ್ತದೆ.

ಬಂದ ದಿನ ಹಳೆಯ ಆಪರೇಟರ್ ಬಾಯ್ಲರ್ ಹೊತ್ತಿಸಿ, ಬೀಗದ ಕೈ ಕೊಟ್ಟು, ಅದೇ ಜೀಪಿನಲ್ಲಿ ಇಳಿದುಹೋದ. ಅದು ತನ್ನಷ್ಟಕ್ಕೆ ಉರಿಯುತ್ತಿದೆ. ಹೀಗೇ ಉರಿಯುತ್ತಿರಲಿ ದೇವರೇ. ಮಾರ್ಚ್ ಬಂದರೆ ಸಾಕು.

ನವೆಂಬರ್ ೨೨, ಮಂಗಳವಾರ

ಉರಿಯಲಿಲ್ಲ.

ಬೆಳಿಗ್ಗೆ ಎದ್ದಾಗ ಕಿಟಕಿಯ ಕೆಳಗೆ ಕೋಣೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರ್ ಹೆಣದಂತೆ ತಣ್ಣಗಿತ್ತು. ಸ್ವಲ್ಪದರಲ್ಲೇ ಬಾಗಿಲು ಬಡಿದ ಸದ್ದು. ಡಾಕ್ಟರ್ ಆದಂ. ಸೂಡಾನಿನವರು, ತಾಳೆಮರದಷ್ಟು ಎತ್ತರ, ಮೂರು ಸ್ವೆಟರ್ ಹಾಕಿದ್ದರು. "ಮಿಸ್ಟರ್ ಪ್ರೇಮನಾಥ್ ಎಲ್ಲಿ? ವಾರ್ಡಿನಲ್ಲಿ ರೋಗಿಗಳು ನಡುಗುತ್ತಿದ್ದಾರೆ."

"ಟ್ಯಾಂಕ್ ನೋಡಲು ಹೋಗಿದ್ದಾರೆ" ಎಂದುಬಿಟ್ಟೆ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷು ಸುಳ್ಳಿಗೆ ಸಾಕಾಯಿತು.

ಒಳಗೆ ಹೋಗಿ ಇವರನ್ನು ಅಲುಗಿಸಿದೆ. ಏಳಲಿಲ್ಲ. "ನನ್ನಿಂದ ಆಗುದಿಲ್ಲ" ಎಂದರು, ಗೋಡೆಗೆ.

"ಹಾಗಾದ್ರೆ ಎಂತ ಮಾಡುದು ಹೇಳಿ, ನಾನು ಮಾಡ್ತೇನೆ."

ರಗ್ಗನ್ನು ಕಿವಿಯವರೆಗೆ ಎಳೆದುಕೊಂಡರು. ಆಮೇಲೆ, "ಬರ್ನರಿನ ಮೇಲೆ ಕೆಂಪು ಬಟನ್ ಉಂಟು. ಒತ್ತು. ಒಮ್ಮೆ ಮಾತ್ರ."

ಹೋಗಿ ಒತ್ತಿದೆ. ಗರ್ ಎಂದಿತು, ಕೆಮ್ಮಿತು, ನಿಂತಿತು. ಓಡಿ ಬಂದೆ. "ಹೊತ್ತುದಿಲ್ಲ."

"ಡೀಸೆಲ್ ವಾಲ್ವ್ ನೋಡು. ಹಿಡಿ ಪೈಪಿಗೆ ನೇರ ಇರ್ಬೇಕು."

ಅಡ್ಡ ಇತ್ತು. ಯಾರು ತಿರುಗಿಸಿದ್ದೋ. ನೇರ ಮಾಡಿ ಮತ್ತೆ ಒತ್ತಿದೆ. ಒಳಗಿನ ಗಾಜಿನ ಕಣ್ಣಿನಲ್ಲಿ ಹಳದಿ ಬೆಂಕಿ ಕಂಡಿತು. ಹೆದರಿ ಹಿಂದೆ ಸರಿದೆ, ಗೋಡೆಗೆ ತಲೆ ತಾಗಿತು.

ಡೀಸೆಲ್ ವಾಸನೆ ಸೋಪಿಗೆ ಹೋಗುವುದಿಲ್ಲ. ಊಟ ಸೇರಲಿಲ್ಲ.

ನವೆಂಬರ್ ೨೩

ಇಂದೂ ನಾನೇ ಹೋದೆ. ಇಂದೂ ಸುಳ್ಳು ಹೇಳಿದೆ.

ಡಿಸೆಂಬರ್ ೨, ಶುಕ್ರವಾರ

ನರ್ಸ್ ರೋಸ್ ಚಹಾಕ್ಕೆ ಕರೆದಿದ್ದಳು. ಕಲ್ಯಾಣಪುರದವಳು, ನಮ್ಮ ಪಕ್ಕದ ಕ್ವಾರ್ಟರ್ಸ್. ಅವಳು ಕೊಂಕಣಿ, ನಾನು ತುಳು, ಕೊನೆಗೆ ಇಬ್ಬರೂ ಕನ್ನಡಕ್ಕೆ ಬಂದು ನಿಲ್ಲುತ್ತೇವೆ.

"ನಿಮ್ಮವರು ಹೊರಗೆ ಕಾಣುದೇ ಇಲ್ಲ?"

"ಬೇಗ ಹೋಗಿ ಬೇಗ ಬರ್ತಾರೆ."

"ನಿಮ್ಮ ಉಗುರಿಗೆ ಎಂತ ಆಯ್ತು ಮಾರಾಯ್ರೆ?"

ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ರೋಸ್ ಮತ್ತೆ ಕೇಳಲಿಲ್ಲ. ಹೊರಡುವಾಗ ವ್ಯಾಸಲೀನಿನ ಡಬ್ಬಿ ಕೊಟ್ಟಳು. ಅದು ದಯೆಯೋ ಅನುಮಾನವೋ ಗೊತ್ತಾಗಲಿಲ್ಲ, ತೆಗೆದುಕೊಂಡೆ.

ಫ್ರೆಡ್ಡಿ ಆಸ್ಪತ್ರೆಯ ವೈರ್‌ಲೆಸ್ಸಿನಲ್ಲಿ ಕೇಳಿದ್ದರಂತೆ, ಎಲ್ಲ ಸರಿ ಉಂಟಾ ಎಂದು. ಸರಿ ಉಂಟು ಎಂದು ಹೇಳಿಸಿದೆ.

ಆಯಾಸ. ಬೆಟ್ಟ ಹತ್ತಿದವರಿಗೆ ಮೊದಮೊದಲು ಉಸಿರು ಸಾಲುವುದಿಲ್ಲ ಎನ್ನುತ್ತಾರೆ. ನನಗೆ ಸಾಲದ್ದು ಉಸಿರೊಂದೇ ಅಲ್ಲ.

ಡಿಸೆಂಬರ್ ೧೧, ಭಾನುವಾರ

ಮೂರು ಸಲ ಹೊತ್ತಿಸಿದೆ, ಮೂರು ಸಲವೂ ಆರಿತು. ಬಂದು ಹೇಳಿದರೆ ಇವರು, "ಫಿಲ್ಟರ್ ಬಿಚ್ಚು" ಎಂದರು. ಬಿಚ್ಚಿದೆ. ಒಳಗೆ ಡೀಸೆಲಿನ ಬದಲು ಹಳೆಯ ತುಪ್ಪದಂಥ ಬಿಳಿ ಗಟ್ಟಿ.

"ಕೆಳಗಿನ ಸೆಕೆಗೆ ತಯಾರು ಮಾಡಿದ ಡೀಸೆಲ್ ಅದು" ಎಂದರು. "ಚಳಿಗೆ ಹೆಪ್ಪಾಗ್ತದೆ. ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಸುತ್ತು. ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಸೇರ್ಸು."

ಬಂದ ಮೇಲೆ ಇವರ ಬಾಯಿಂದ ಒಟ್ಟಿಗೆ ಇಷ್ಟು ಮಾತು ಕೇಳಿದ್ದು ಇದೇ ಮೊದಲು. ಅದೂ ಡೀಸೆಲಿನ ಬಗ್ಗೆ.

ಟ್ಯಾಂಕಿನಿಂದ ಬರುವ ಪೈಪು ಬಯಲಿನಲ್ಲಿ ಬರಿಮೈಯಲ್ಲಿದೆ. ಗಾಳಿ ನೇರ ಅದಕ್ಕೇ ಹೊಡೆಯುತ್ತದೆ. ಬಿಸಿ ಬಟ್ಟೆ ಸುತ್ತಿ, ಆರಿದರೆ ಮತ್ತೆ ಅದ್ದಿ, ಮತ್ತೆ ಸುತ್ತಿ ಮಧ್ಯಾಹ್ನವಾಯಿತು. ನೆಲಕ್ಕೆ ಕೂತು ಫಿಲ್ಟರ್ ತೊಳೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಡಾಕ್ಟರ್ ಆದಂ.

ಮೈಯೆಲ್ಲ ಕಪ್ಪು, ತಲೆಗೆ ಇವರ ಟೊಪ್ಪಿ, ಕೈಯಲ್ಲಿ ಸ್ಪ್ಯಾನರ್. ನನ್ನ ನಾಲಿಗೆ ಮಾತ್ರ ತನ್ನ ಪಾಠ ಒಪ್ಪಿಸಿತು, "ಅವರು ಟ್ಯಾಂಕ್ ನೋಡಲು..."

ಡಾಕ್ಟರರು ಟ್ಯಾಂಕಿನ ಕಡೆ ನೋಡಿದರು. ಅದು ಬಾಗಿಲಿಗೆ ಎದುರಲ್ಲೇ ಇದೆ. ಅಲ್ಲಿ ಒಂದು ಆಡು ನಿಂತಿತ್ತು.

"ಸರಿ" ಎಂದರು. "ಅವರು ಬಂದರೆ ಹೇಳಿ, ಹೆರಿಗೆ ಕೋಣೆ ಇನ್ನೂ ತಣ್ಣಗಿದೆ. ಅವರಿಗೆ ನನ್ನ ಥ್ಯಾಂಕ್ಸ್ ಕೂಡ ಹೇಳಿ."

ಹೋಗಿಬಿಟ್ಟರು. ಇನ್ನು ಕಂಪೆನಿಗೆ ಹೇಳುತ್ತಾರೆ. ಪೆಟ್ಟಿಗೆ ಕಟ್ಟಿಡುವುದು ಒಳ್ಳೆಯದು.

ಡಿಸೆಂಬರ್ ೧೯

ಹೇಳಿಲ್ಲ. ಗಂಟಲು ನೋವು. ಹೆರಿಗೆ ಕೋಣೆಯ ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು, ಸಣ್ಣ ಕೀಲಿ ತಿರುಗಿಸಿ ಬಿಟ್ಟೆ. ಹಾವಿನಂತೆ ಬುಸ್ ಎಂದಿತು. ಇವರು ಊಟ ಮಾಡಲಿಲ್ಲ.

೧೯೮೯ ಜನವರಿ ೬, ಶುಕ್ರವಾರ

ಟ್ಯಾಂಕಿನ ಹತ್ತಿರ ಆಡು ಮೇಯಿಸುವ ಮುದುಕ ಮುಹಮ್ಮದ್ ತನ್ನ ಮನೆಗೆ ಕರೆದೊಯ್ದ. ರೋಸ್ ಅವನ ಸೊಸೆಯನ್ನು ನೋಡಲು ಹೋಗುವವಳಿದ್ದಳು, ಏಳು ತಿಂಗಳ ಬಸುರಿ. ನಾನೂ ಜೊತೆಗೆ ನಡೆದೆ.

ಅವನಿಗೆ ಎರಡು ಮನೆ. ಒಂದು ಹೊಸದು, ಸಿಮೆಂಟ್ ಇಟ್ಟಿಗೆಯದು, ಬಣ್ಣ ಬಳಿದದ್ದು. ಅದರಲ್ಲಿ ಹುಲ್ಲು ತುಂಬಿಸಿದ್ದಾನೆ. ಜನ ಇರುವುದು ಕೆಳಗಿನ ಹಳೆಯದರಲ್ಲಿ. ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಅಂಗೈಯಗಲದ ಕಿಟಕಿ, ಮರದ ತೊಲೆಯ ಮೇಲೆ ಮಣ್ಣಿನ ಮಾಡು. ಮೂಲೆಯಲ್ಲಿ ನಾಲ್ಕು ಕೆಂಡ, ಅಷ್ಟೇ. ಒಳಗೆ ಕಾಲಿಟ್ಟದ್ದೇ ನನ್ನ ಭುಜ ಕೆಳಗಿಳಿಯಿತು. ಇಷ್ಟು ದಿನ ಅದನ್ನು ಕಿವಿಯವರೆಗೆ ಎತ್ತಿಕೊಂಡೇ ಓಡಾಡುತ್ತಿದ್ದೆನೆಂದು ಆಗಲೇ ತಿಳಿದದ್ದು.

ಮುದುಕ ಹೊಸ ಮನೆಯ ಕಡೆ ಕೈ ತೋರಿಸಿ, "ಬರ್ದ್, ಬರ್ದ್" ಎಂದು ನಡುಗಿ ತೋರಿಸಿದ. ಚಳಿ ಎಂದು. ಮತ್ತೆ ಹಣೆಯ ಬೆವರು ಒರೆಸಿದಂತೆ ಮಾಡಿ ಅದೇ ಮನೆಯನ್ನು ತೋರಿಸಿದ. ಬೇಸಿಗೆಗೂ ಅದು ಪ್ರಯೋಜನವಿಲ್ಲ.

ನಮ್ಮ ಕ್ವಾರ್ಟರ್ಸೂ ಅದೇ ಜಾತಿ. ಮೇಲೆ ಬರಿಯ ಕಾಂಕ್ರೀಟು. ನಾನು ಹೊತ್ತಿಸುವ ಬೆಂಕಿಯ ಅರ್ಧ ಆಕಾಶಕ್ಕೇ ಹೋಗುತ್ತಿರಬೇಕು.

ಸೊಸೆ ಚಿಕ್ಕ ಹುಡುಗಿ. ಮರದ ಪೆಟ್ಟಿಗೆಯಿಂದ ಒಣ ದಾಳಿಂಬೆ ಸಿಪ್ಪೆ ತೆಗೆದು ಚಹಾಕ್ಕೆ ಹಾಕಿದಳು. ನನಗೆ ಮಕ್ಕಳೆಷ್ಟು ಎಂದು ಬೆರಳಿನಲ್ಲೇ ಕೇಳಿದಳು. ಇಲ್ಲ ಎಂದೆ. ಅವಳು ಇನ್ನೊಂದು ಲೋಟ ಚಹಾ ಕೊಟ್ಟಳು.

ಮುದುಕನ ಬಳಿ ಹರಿದ ಆಡುಕೂದಲ ಕಂಬಳಿಗಳಿದ್ದವು. ಪೈಪಿಗೆ ಬೇಕು ಎಂದೆ, ಕೈಸನ್ನೆಯಲ್ಲೇ. ನಗುತ್ತಾ ಕೊಟ್ಟ.

ಜನವರಿ ೨೦, ಶುಕ್ರವಾರ

ವಾರವಿಡೀ ಪೈಪು. ಮೊದಲು ಕಂಬಳಿ, ಅದರ ಮೇಲೆ ಸ್ಟೋರಿನಲ್ಲಿ ಬಿದ್ದಿದ್ದ ಗಾಜಿನ ಹತ್ತಿಯಂಥ ರಾಕ್‌ವೂಲ್, ಅದರ ಮೇಲೆ ಪ್ಲಾಸ್ಟಿಕ್, ಮೇಲೆ ಹಗ್ಗ. ರಾಕ್‌ವೂಲ್ ತಾಗಿದಲ್ಲೆಲ್ಲ ತುರಿಕೆ, ಕುತ್ತಿಗೆಯವರೆಗೆ. ಆದರೆ ಫಿಲ್ಟರ್ ಕಟ್ಟಿಕೊಳ್ಳುವುದು ನಿಂತಿದೆ.

ಇವರು ಈಗ ಮಂಚದಲ್ಲಿ ಎದ್ದು ಕೂರುತ್ತಾರೆ. ನಾನು ಒಳಗೆ ಬಂದಾಗ, "ಪ್ಲಾಸ್ಟಿಕ್ಕನ್ನು ಮೇಲಿಂದ ಕೆಳಗೆ ಅಲ್ಲ, ಕೆಳಗಿಂದ ಮೇಲೆ ಸುತ್ತಬೇಕು, ಇಲ್ಲದಿದ್ರೆ ಮಳೆನೀರು..." ಎಂದು ಶುರುಮಾಡಿದರು.

"ಗೊತ್ತುಂಟು" ಎಂದೆ.

ಮತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಕೆಲಸದ ಗಡಿಬಿಡಿಯಲ್ಲಿ ಹೇಳಿದ್ದು. ಆಮೇಲೆ ಪಾಪ ಅನ್ನಿಸಿತು. ಅನ್ನ ಬಡಿಸುವಾಗ ಬೇಕೆಂದೇ ಕೇಳಿದೆ, ಪ್ರೆಶರ್ ಎಷ್ಟಿರಬೇಕು ಎಂದು. ಅದೂ ಗೊತ್ತಿತ್ತು.

ಫೆಬ್ರವರಿ ೯, ಗುರುವಾರ

ಮಂಗಳವಾರ ಶುರುವಾದ ಮಳೆ ಬಿಟ್ಟಿಲ್ಲ. ನಮ್ಮೂರಿನ ಮಳೆಯಂತಲ್ಲ, ಸೂಜಿಯಂಥದು, ನಡುವೆ ಆಲಿಕಲ್ಲು. ಬೆಟ್ಟ ಹತ್ತುವ ದಾರಿ ಕೆಳಗಿನ ಕಣಿವೆಯ ಹೊಳೆಯಲ್ಲಿ, ಇಲ್ಲಿಯವರು ವಾದಿ ಅನ್ನುವುದರಲ್ಲಿ, ಬಂದ ನೆರೆಗೆ ಕೊಚ್ಚಿಹೋಗಿದೆಯಂತೆ. ಡೀಸೆಲ್ ಟ್ಯಾಂಕರ್ ನಿನ್ನೆ ಬರಬೇಕಿತ್ತು.

ಕೋಲು ಇಳಿಸಿ ನೋಡಿದೆ. ಟ್ಯಾಂಕಿನ ತಳದಲ್ಲಿ ಮೊಣಕೈಯಷ್ಟೂ ಇಲ್ಲ.

ಫೆಬ್ರವರಿ ೧೨, ಭಾನುವಾರ

ಬೆಳಿಗ್ಗೆ ಮುಹಮ್ಮದನ ಸೊಸೆಯನ್ನು ಕಂಬಳಿಯಲ್ಲಿ ಹೊತ್ತು ತಂದರು. ದಿನ ತುಂಬಿಲ್ಲ, ನೋವು ಬಿಟ್ಟು ಬಿಟ್ಟು ಬರುತ್ತಿದೆ. ಕೆಳಗೆ ಕಳಿಸಲು ದಾರಿಯಿಲ್ಲ, ಈ ಮೋಡದಲ್ಲಿ ಹೆಲಿಕಾಪ್ಟರೂ ಬರುವುದಿಲ್ಲ.

ರೋಸ್ ಬಾಯ್ಲರ್ ಕೋಣೆಗೇ ಓಡಿ ಬಂದಳು. ನೇರ ನನ್ನನ್ನೇ ಕೇಳಿದಳು, "ತಿಂಗಳಿಗೆ ಮೊದಲೇ ಹುಟ್ಟುವ ಮಗುವಿಗೆ ಮೈಯಲ್ಲಿ ಸೆಕೆಯೇ ಇರುದಿಲ್ಲ. ಇಲ್ಲಿ ಗಾಜಿನ ಪೆಟ್ಟಿಗೆ ಇಲ್ಲ. ಕೋಣೆಯೇ ಬಿಸಿ ಇರ್ಬೇಕು, ಬಿಟ್ಟು ಬಿಡದೆ. ಆಗ್ತದಾ ದಮಯಂತಿ?"

"ಆಗ್ತದೆ" ಎಂದೆ.

ಅವಳು ಹೋದ ಮೇಲೆ ವಾಲ್ವುಗಳ ಸಾಲಿನ ಮುಂದೆ ನಿಂತೆ. ಡಾಕ್ಟರರ ಮನೆಯದನ್ನು ಮುಚ್ಚಿದೆ. ರೋಸಳ ಮನೆಯದನ್ನು ಮುಚ್ಚಿದೆ. ಆಸ್ಪತ್ರೆಯ ಗುಮಾಸ್ತರದ್ದನ್ನೂ ನಮ್ಮದನ್ನೂ ಮುಚ್ಚಿದೆ. ವಾರ್ಡಿನ ರೋಗಿಗಳನ್ನು ಒಂದೇ ಕೋಣೆಗೆ ಸೇರಿಸಲು ಹೇಳಿ, ಉಳಿದದ್ದೂ ಮುಚ್ಚಿದೆ. ಹೆರಿಗೆ ಕೋಣೆಯ ಕಿಟಕಿಗೆ ಒಳಗಿನಿಂದ ಥರ್ಮಾಕೋಲ್ ಹಾಳೆ ಅಂಟಿಸಿದೆ, ಬಾಗಿಲಿಗೆ ಮುದುಕನ ಕಂಬಳಿ ಇಳಿಬಿಟ್ಟೆ.

ಮಧ್ಯಾಹ್ನ ಡಾಕ್ಟರರು ಹೊದಿಕೆ ಹೊದ್ದು ಬಂದರು. "ನನ್ನ ಮನೆ ಫ್ರಿಜ್ ಆಗಿದೆ."

"ನಾನೇ ಮುಚ್ಚಿದ್ದು. ಡೀಸೆಲ್ ಸಾಲದು."

"ಸರಿ" ಎಂದು ಹೋದರು.

ಮನೆಗೆ ಬಂದರೆ ಇವರು ಮಂಚದಲ್ಲಿ ಮುದುರಿದ್ದರು. ನನ್ನ ಬಿಸಿ ನೀರಿನ ಬಾಟ್ಲಿ ಕೊಟ್ಟೆ. ನಮ್ಮ ಮನೆಯ ವಾಲ್ವ್ ಯಾಕೆ ಮುಚ್ಚಿದೆ ಎಂದು ಕೇಳಿದರು. ಹೇಳಿದೆ.

"ನನ್ನನ್ನು ಕೇಳ್ಲಿಲ್ಲ" ಎಂದರು.

ಹೌದಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ.

ಫೆಬ್ರವರಿ ೧೪, ಮಂಗಳವಾರ

ಸುಟ್ಟ ಮುಂಗೈ ಇನ್ನೂ ಉರಿಯುತ್ತಿದೆ. ಆದರೂ ಬರೆಯುತ್ತೇನೆ.

ಊಟದ ಹೊತ್ತಿಗೆ ಬಾಯ್ಲರಿನ ಸದ್ದು ಬದಲಾಯಿತು. ಬೆಂಕಿ ಆರಿತು. ನೀರನ್ನು ತಳ್ಳುವ ಪಂಪಿನಿಂದ ಸುಟ್ಟ ರಬ್ಬರಿನ ವಾಸನೆ. ಪಂಪ್ ತಿರುಗದಿದ್ದರೆ ನೀರು ಓಡುವುದಿಲ್ಲ, ನೀರು ಓಡದಿದ್ದರೆ ಹೆರಿಗೆ ಕೋಣೆ ತಣ್ಣಗಾಗುತ್ತದೆ. ಅಲ್ಲಿ ಹುಡುಗಿಗೆ ಆಗಲೇ ನೋವು ಜೋರಾಗಿತ್ತು.

ಸ್ಟೋರಿನಲ್ಲಿ ಹಳೆಯ ಪಂಪ್ ಒಂದಿದೆ ಎಂದು ಗೊತ್ತಿತ್ತು. ಎಳೆದು ತಂದೆ. ಪೈಪಿನ ನಟ್ಟುಗಳು ನನಗೆ ಕಷ್ಟವಲ್ಲ. ಆದರೆ ಕರೆಂಟಿನ ತಂತಿ?

ಮನೆಗೆ ಓಡಿದೆ. "ಪಂಪ್ ಹೋಯ್ತು. ಯಾವ ತಂತಿ ಎಲ್ಲಿಗೆ, ಹೇಳಿ."

ಇವರ ಮುಖ ಬಿಳಿಚಿತು. "ನೀನು ತಂತಿ ಮುಟ್ಟುದು ಬೇಡ."

"ಮತ್ತೆ ಯಾರು ಮುಟ್ಟುದು? ನೀವಾ?"

ನನಗೆ ಏನಾಯಿತೋ. ಇಷ್ಟು ತಿಂಗಳು ನುಂಗಿದ್ದೆಲ್ಲ ಒಂದೇ ಸಲ ಬಂತು. "ಅಲ್ಲೊಂದು ಹುಡುಗಿ ಹೆರ್ತಾ ಇದ್ದಾಳೆ. ನೀವು ಹೇಳಿದ್ರೂ ಮುಟ್ತೇನೆ, ಹೇಳದಿದ್ರೂ ಮುಟ್ತೇನೆ. ಹೇಳಿದ್ರೆ ಸರಿಯಾಗಿ ಮುಟ್ತೇನೆ" ಎಂದು ಕಿರುಚಿ ಹೊರಟುಬಂದೆ.

ಸ್ಪ್ಯಾನರ್ ತೆಗೆದುಕೊಳ್ಳುವಷ್ಟರಲ್ಲಿ ಹಿಂದೆ ಹೆಜ್ಜೆಯ ಸದ್ದು. ಇವರು. ಬರಿಗಾಲು, ಮೈಗೆ ಸುತ್ತಿದ ರಗ್ಗು. ಬೆಟ್ಟಕ್ಕೆ ಬಂದ ಮೇಲೆ ಮೊದಲ ಸಲ ಅಂಗಳ ದಾಟಿದ್ದು. ಬಾಯ್ಲರ್ ಕೋಣೆಯ ಹೊರಗೋಡೆಯಲ್ಲಿ ಮೈನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯಿದೆ. ಅದರ ಮುಂದೆ ಬಂದು ನಿಂತರು. ಕೈ ಎತ್ತಿದರು. ಹಿಂದೆ ತೆಗೆದರು. ಮತ್ತೆ ಎತ್ತಿದರು. ಕಣ್ಣು ಮುಚ್ಚಿ ಹಿಡಿಯನ್ನು ಕೆಳಕ್ಕೆ ಎಳೆದರು.

ಆಸ್ಪತ್ರೆಯ ದೀಪಗಳೆಲ್ಲ ಆರಿದವು.

"ಇದೊಂದೇ ಮೈನ್. ಬೇರೆ ದಾರಿ ಇಲ್ಲ" ಎಂದರು. ಎರಡೂ ಕೈಯಲ್ಲಿ ಹಿಡಿಯನ್ನು ಅದುಮಿ ಹಿಡಿದಿದ್ದರು. "ನನಗೆ ತಂತಿ ಮುಟ್ಲಿಕ್ಕೆ ಆಗುದಿಲ್ಲ. ನೀನು ಮಾಡು. ನಾನು ಇಲ್ಲಿಂದ ಅಲುಗುದಿಲ್ಲ. ನೀನು ಸಾಕು ಅನ್ನುವವರೆಗೆ ಅಲುಗುದಿಲ್ಲ."

ನಾನು ಒಳಗೆ, ಇವರು ಹೊರಗೆ, ನಡುವೆ ತೆರೆದ ಬಾಗಿಲು. "ಕಪ್ಪು ಯಾವ ಸ್ಕ್ರೂವಿಗೆ ಉಂಟು, ನೋಡಿ ಇಟ್ಟುಕೋ. ಬಿಚ್ಚು. ಹಸಿರು ಕೊನೆಗೆ." ಒಂದು ಮಾತೂ ತಪ್ಪಲಿಲ್ಲ. ನಟ್ಟು ಬಿಚ್ಚಿ ಕೆಟ್ಟದ್ದನ್ನು ಇಳಿಸುವಾಗ ಬಿಸಿ ನೀರು ಚಿಮ್ಮಿ ಮುಂಗೈ ಸುಟ್ಟಿತು. ನಾನು ಕೂಗಿದ್ದಕ್ಕೆ ಇವರು ಹೊರಗಿನಿಂದ, "ದಮಯಂತೀ! ಕರೆಂಟಾ? ಕರೆಂಟಾ?" ಎಂದು ಚೀರಿದರು.

"ನೀರು, ನೀರು! ಬಿಡಬೇಡಿ!"

ಆಗಲೇ ಓಡುವ ಸದ್ದು ಕೇಳಿತು. ಮುಹಮ್ಮದನ ಮಗ, ಆ ಹುಡುಗಿಯ ಗಂಡ. ಹೆಂಡತಿ ಹೆರುತ್ತಿರುವ ಕೋಣೆ ಕತ್ತಲಾದರೆ ಯಾರು ಸುಮ್ಮನಿರುತ್ತಾರೆ? ಅರಬಿಯಲ್ಲಿ ಕೂಗುತ್ತಾ ಬಂದು ಸ್ವಿಚ್ಚಿಗೆ ಕೈ ಹಾಕಿದ. ಬಾಗಿಲಿನಿಂದ ನನಗೆ ಕಂಡದ್ದು ಇವರ ಬೆನ್ನು ಮಾತ್ರ. ಪೆಟ್ಟಿಗೆಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡಿದ್ದರು, ಕೆನ್ನೆ ಕಬ್ಬಿಣಕ್ಕೆ ಒತ್ತಿ. ಅವನು ಭುಜ ಹಿಡಿದು ಎಳೆದ, ಗುದ್ದಿದ. ರಗ್ಗು ಜಾರಿ ಕೆಸರಿಗೆ ಬಿತ್ತು. ಇವರಿಗೆ ಅರಬಿ ಬರುತ್ತದೆ, ಆದರೆ ಆ ಹೊತ್ತಿಗೆ ಒಂದೂ ಪದ ಬರಲಿಲ್ಲ. ತುಳುವಿನಲ್ಲಿ ಒಂದೇ ಮಾತು ಹೇಳುತ್ತಿದ್ದರು, "ಉಲಾಯಿ ಜನ ಉಂಡು, ಉಲಾಯಿ ಜನ ಉಂಡು." ಒಳಗೆ ಜನ ಇದ್ದಾರೆ ಎಂದು.

ಮುದುಕ ಮುಹಮ್ಮದ್ ಹಿಂದಿನಿಂದ ಬಂದು ಬಾಗಿಲಲ್ಲಿ ನನ್ನನ್ನು ನೋಡಿದ. ತಂತಿಯನ್ನು ನೋಡಿದ. ಮಗನ ಕೊರಳಪಟ್ಟಿ ಹಿಡಿದು ಎಳೆದು ಬದಿಗೆ ನಿಲ್ಲಿಸಿದ. ಆಮೇಲೆ ತಾನೂ ಇವರ ಪಕ್ಕದಲ್ಲೇ ನಿಂತ.

ಸ್ಟೋರಿನ ಪಂಪ್ ಕೂರಿಸಿ, ಹಸಿರು ತಂತಿ ಬಿಗಿದೆ. ಮುಚ್ಚಳ ಹಾಕಿದೆ. ಹೊರಗೆ ಬಂದು, "ಸಾಕು" ಎಂದೆ.

ಇವರಿಗೆ ಕೇಳಿಸಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು. ಸ್ವಿಚ್ಚನ್ನು ಮೇಲಕ್ಕೆತ್ತಿದ್ದೂ ನಾನೇ.

ಪಂಪ್ ತಿರುಗಿತು. ಕೆಂಪು ಬಟನ್ ಒತ್ತಿ ಬೆಂಕಿ ಹೊತ್ತಿಸಿದೆ. ಹೆರಿಗೆ ಕೋಣೆಯ ಪೈಪಿಗೆ ಕೈಯಿಟ್ಟು ಕಾದೆ. ಬೆಚ್ಚಗಾಯಿತು.

ಗಂಡು. ಸಂಜೆಗೆ ಮೊದಲೇ ಹುಟ್ಟಿತು. ಇವರು ಅಂಗಳದ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು, ಎಲ್ಲರೆದುರು. ಮುದುಕ ತನ್ನ ಶಾಲನ್ನು ಹೊದಿಸಿ, ಪಕ್ಕದಲ್ಲೇ ಕೂತಿದ್ದ.

ಫೆಬ್ರವರಿ ೧೫

ಮಗು ಬದುಕಿದೆ. ಬೆಕ್ಕಿನ ಮರಿಯಷ್ಟಿದೆ. ತಾಯಿಯ ಎದೆಯ ಮೇಲೆಯೇ ಇಟ್ಟಿದ್ದಾರೆ. ಕೋಣೆ ಬಿಸಿ ಇದೆ. ಕೈ ಸುಟ್ಟದ್ದಕ್ಕೆ ರೋಸ್ ಪಟ್ಟಿ ಕಟ್ಟಿದಳು. ನಿದ್ದೆ.

ಫೆಬ್ರವರಿ ೨೪, ಶುಕ್ರವಾರ

ದಾರಿ ತೆರೆಯಿತು. ಟ್ಯಾಂಕರಿನ ಹಿಂದೆಯೇ ಜೀಪಿನಲ್ಲಿ ಫ್ರೆಡ್ಡಿ ಬಂದರು. ಬಾಯ್ಲರ್ ಕೋಣೆ ನೋಡಿದರು, ಪಂಪ್ ನೋಡಿದರು, ಪೈಪಿನ ಕಂಬಳಿ ಮುಟ್ಟಿ ನೋಡಿದರು.

"ಒಳ್ಳೆ ಕೆಲಸ ಪ್ರೇಮನಾಥ" ಎಂದರು.

"ನಾನಲ್ಲ, ಇವಳು" ಎಂದು ಇವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಇಷ್ಟು ದಿನದ ನನ್ನ ಸುಳ್ಳೆಲ್ಲ ಒಲೆಗೆ ಹೋಯಿತು. ಡಾಕ್ಟರ್ ಆದಂ ಅಲ್ಲೇ ಇದ್ದರು. ಬೇರೆಲ್ಲೋ ನೋಡುತ್ತಾ ನಗುತ್ತಿದ್ದರು.

ಫ್ರೆಡ್ಡಿ ತಲೆ ಕೆರೆದುಕೊಂಡರು. ಚಹಾ ಕುಡಿದ ಮೇಲೆ ಹೇಳಿದರು, "ಬೌಷರಿನ ಸ್ಟೋರಲ್ಲಿ ಜಾಗ ಉಂಟು. ಕರೆಂಟಿನ ಕೆಲಸ ಇಲ್ಲ. ಎ.ಸಿ. ಇರುವ ಫ್ಲ್ಯಾಟ್. ಮುಂದಿನ ತಿಂಗಳು ಇಳಿದು ಬನ್ನಿ."

ಬಂದ ದಿನದಿಂದ ನಾನು ಬೇಡಿಕೊಂಡದ್ದು ಇದನ್ನೇ. ಇವರು ನನ್ನ ಮುಖ ನೋಡಿದರು. "ನನಗೆ ಎಲ್ಲಿಯಾದ್ರೂ ಆದೀತು. ಅವಳು ಹೇಳಲಿ."

ಸಂತೋಷ ಎಂದು ಹೇಳಲು ಬಾಯಿ ತೆರೆದೆ. "ಬೇಸಿಗೆಯಲ್ಲಿ ಬಾಯ್ಲರ್ ಬರಿದು ಮಾಡಿ ತೊಳೀಬೇಕು, ಅದು ಯಾರು ಮಾಡುದು?" ಎಂದು ಬಂತು.

"ಬೇರೆ ಆಪರೇಟರ್ ಬರ್ತಾನೆ ಅಕ್ಕಾ."

"ಅವನಿಗೆ ಡೀಸೆಲ್ ಹೆಪ್ಪಾಗುದು ಗೊತ್ತುಂಟಾ?"

"ಕಲೀತಾನೆ."

"ಕಲಿಯುವವರೆಗೆ ರೋಗಿಗಳು ಎಂತ ಮಾಡುದು?"

ಫ್ರೆಡ್ಡಿ ಲೋಟ ಕೆಳಗಿಟ್ಟರು. "ಅಕ್ಕಾ, ನೀವು ಕಂಪೆನಿಯ ಕೆಲಸಕ್ಕೆ ಸೇರಿದವರಲ್ಲ."

"ಹಾಗಾದ್ರೆ ಸೇರಿಸಿ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಫ್ರೆಡ್ಡಿ ನಿಧಾನವಾಗಿ ಹೇಳಿದರು, ಹೆಂಗಸನ್ನು ಬಾಯ್ಲರಿಗೆ ಹಾಕಿದರೆ ಕಂಪೆನಿಯ ಅರಬ್ ಮಾಲೀಕ ಕಫೀಲ್ ನಗುತ್ತಾನೆ, ಅದು ಆಗದ ಮಾತು. ಪ್ರೇಮನಾಥನ ಹೆಸರೇ ಇರಲಿ, ಸಂಬಳವೂ ಅವನದ್ದೇ, ಒಳಗೆ ಯಾರು ಕೆಲಸ ಮಾಡುತ್ತಾರೆ ಎಂದು ತಾನು ಕೇಳುವುದಿಲ್ಲ.

ಅದಕ್ಕಿಂತ ಹೆಚ್ಚು ಸಿಗುವುದಿಲ್ಲವೆಂದು ಗೊತ್ತಾಯಿತು. "ಆಗಲಿ" ಎಂದೆ. "ಹೆಸರು ಬೇಡದಿದ್ರೆ ಸಾಮಾನಾದ್ರೂ ಕಳಿಸಿ. ಎಲ್ಲ ಮಾಡಿಗೂ ಹಾಸ್ಲಿಕ್ಕೆ ಇನ್ಸುಲೇಷನ್ ಹಾಳೆ. ಇನ್ನೊಂದು ಹೊಸ ಪಂಪ್. ಪಂಪಿಗೆ ಅದರದ್ದೇ ಬೇರೆ ಸ್ವಿಚ್. ಇನ್ನು ಮುಂದೆ ಆಸ್ಪತ್ರೆ ಕತ್ತಲು ಮಾಡ್ಲಿಕ್ಕಾಗುದಿಲ್ಲ."

ಫ್ರೆಡ್ಡಿ ಜೀಪ್ ಹತ್ತುವಾಗ ಇವರ ಹತ್ತಿರ ಏನೋ ಹೇಳಿದರು. ಇವರು ನಕ್ಕರು. ಏನೆಂದು ನಾನು ಕೇಳಲಿಲ್ಲ.

ಮಾರ್ಚ್ ೧೦, ಶುಕ್ರವಾರ

ಬೆಳಿಗ್ಗೆ ನಾನು ಏಳುವ ಮೊದಲೇ ಇವರು ಹೋಗಿ ಬಾಯ್ಲರ್ ಹೊತ್ತಿಸಿದ್ದಾರೆ. ಕೆಂಪು ಬಟನ್ ಒತ್ತಿದರಂತೆ. ಹಾಗೆಂದರೆ ಸ್ವಿಚ್ ಮುಟ್ಟುವ ಧೈರ್ಯ ಮರಳುತ್ತಿದೆ. ನಾನು ದೇವರಿಗೆ ದೀಪ ಹಚ್ಚಬೇಕಿತ್ತು.

ಅದರ ಬದಲು ಜಗಳ ಮಾಡಿದೆ. ರೋಸಳ ಮನೆಯ ರೇಡಿಯೇಟರಿನ ಗಾಳಿ ಬಿಟ್ಟಿಲ್ಲ ಎಂದೆ, ಫಿಲ್ಟರ್ ನೋಡಿಲ್ಲ ಎಂದೆ, ನನ್ನ ಸ್ಪ್ಯಾನರ್ ಇಟ್ಟಲ್ಲಿಲ್ಲ ಎಂದೆ. ಇವರು ಬೆರಗಾಗಿ ನೋಡಿದರು. ಆಮೇಲೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಅಳು ಬಂತು. ಯಾಕೋ. ಆಯಾಸ ಇರಬೇಕು.

ಸಂಜೆ ಇವರು ಹೇಳಿದರು, "ಮುಹಮ್ಮದ್ ಹೊಸ ಮನೆಗೆ ಮಣ್ಣಿನ ಮಾಡು ಹಾಕ್ತಾನಂತೆ, ಕರೆದಿದ್ದಾನೆ. ಬೆಳಿಗ್ಗೆ ಅಲ್ಲಿಗೆ ಹೋಗ್ತೇನೆ. ಬಾಯ್ಲರ್ ನೀನೇ ನೋಡಿಕೋ."

ಸರಿ ಎಂದೆ. ಸಾರಿಗೆ ಉಪ್ಪು ಸರಿಯಾಗಿದೆ ಎಂದರು. ಬಹಳ ದಿನಗಳ ಮೇಲೆ ಎರಡನೆಯ ಸಲ ಬಡಿಸಿಕೊಂಡರು.

ಮಾರ್ಚ್ ೩೦, ಗುರುವಾರ

ಹಾಳೆಗಳು ಬಂದಿವೆ. ನಾನು ಹೇಳಿದ್ದಕ್ಕಿಂತ ಕಡಿಮೆ, ಆದರೂ ಆಸ್ಪತ್ರೆಗೂ ಎರಡು ಮನೆಗೂ ಸಾಕು. ಪಂಪ್ ಬಂದಿದೆ. ಬೇರೆ ಸ್ವಿಚ್ ಮರೆತಿದ್ದಾರೆ, ವೈರ್‌ಲೆಸ್ಸಿನಲ್ಲಿ ಬೈಯಬೇಕು. ರಂಜಾನ್ ಶುರುವಾಗುವ ಮೊದಲು ಮಾಡು ಮುಗಿಸುವ ಎಂದು ಮುದುಕನೂ ಅವನ ಮಗನೂ ಬಂದು ಕೈಜೋಡಿಸಿದ್ದಾರೆ. ಮಗ ಇವರಿಗೆ ಗುದ್ದಿದ್ದಕ್ಕೆ ಇನ್ನೂ ನಾಚಿಕೊಳ್ಳುತ್ತಾನೆ, ಅತಿ ಭಾರದ ಮೂಟೆಯನ್ನು ತಾನೇ ಎತ್ತುತ್ತಾನೆ.

ಸೊಂಟ ಬಿದ್ದುಹೋಗಿದೆ. ಸ್ವಲ್ಪ ಕೂತು ಬರೆಯೋಣವೆಂದು ಕೆಳಗೆ ಬಂದೆ. ಬಹಳ ದಿನದಿಂದ ಬರೆದಿಲ್ಲ, ಬರೆಯಲು ಏನಿತ್ತೆಂದೂ ಈಗ ನೆನಪಾಗುತ್ತಿಲ್ಲ. ಮಾಡಿನ ಮೇಲಿನಿಂದ ಇವರ ದನಿ ಕೇಳುತ್ತಿದೆ, "ದಮಯಂತೀ, ಹಾಳೆಯ ಹೊಳೆಯುವ ಬದಿ ಮೇಲೆಯಾ, ಕೆಳಗೆಯಾ?"

ಹೋಗಬೇಕು. ಇಲ್ಲದಿದ್ದರೆ ತಿರುಗುಮುರುಗು ಹಾಸಿಬಿಡುತ್ತಾರೆ.